ಮೈಕ್ರಾನ್ ಲೆಕ್ಕ, ಒಸಡಿನ ಲೆಕ್ಕ

ಆರ್.ಕೆ.ಪುರಂ ಸರ್ಕಾರಿ ನೌಕರರಿಗೆಂದು ಎದ್ದ ಬಡಾವಣೆ. ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘದತ್ತ ಬರುವ ನಿವೃತ್ತರಿಗೆ ಪಿಂಚಣಿ, ಮಂಡಿನೋವಿನಷ್ಟೇ ಹತ್ತಿರದ ವಿಷಯ ಹಲ್ಲುಸೆಟ್ಟು. ಸೆಟ್ಟಿನ ಅಚ್ಚಿಗಾಗಿ ಪೇಸ್ಟ್ ತುಂಬಿದ ಟ್ರೇ ಕಚ್ಚಿ ಓಕರಿಕೆ ತಡೆದು ಕೂರಬೇಕಿಲ್ಲ, ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿದರೆ ಸಾಕು ಎಂಬುದು ಸ್ಕ್ಯಾನರ್ ಇಟ್ಟ ಕ್ಲಿನಿಕ್‌ಗಳ ಭರವಸೆ. ಅದನ್ನು ಒಪ್ಪೋಣ. ‘ಅಚ್ಚಿಗಿಂತ ನಿಖರ’ ಎಂದು ಮುಂದುವರಿದಾಗ ನನ್ನ ತಕರಾರು ಶುರು.

ಬೆಳಕಿನಿಂದ ಅಚ್ಚು ತೆಗೆಯುವ ಯೋಚನೆಯನ್ನು ಫ್ರಾನ್ಸಿನ ಫ್ರಾನ್ಸುವಾ ದ್ಯುರೆ ಮಂಡಿಸಿದ್ದು 1973ರಲ್ಲಿ. 1985ರಲ್ಲಿ ಜ್ಯೂರಿಚ್‌ನ ಸೆರೆಕ್ ಯಂತ್ರ ಮಾಡಿದ್ದು ಒಂದೇ ಹಲ್ಲಿನೊಳಗೆ ಕೂರುವ ತುಂಡು. ಗಟ್ಟಿಯಾದ, ಅಲುಗದ, ಅಂಚು ಸ್ಪಷ್ಟವಿರುವ ಹಲ್ಲಿಗಾಗಿ ಹುಟ್ಟಿದ ವಿದ್ಯೆ ಇದು. ಬೋಳು ದವಡೆಯಲ್ಲಿ ಹಾಗಿಲ್ಲ. ಸ್ಕ್ಯಾನರ್ ನೂರಾರು ಚಿತ್ರಗಳನ್ನು ಒಂದಕ್ಕೊಂದು ಹೊಲಿಯುತ್ತ ಸಾಗುತ್ತದೆ. ಜೊಲ್ಲಿನಿಂದ ಹೊಳೆಯುವ ನುಣುಪು ಒಸಡಿನಲ್ಲಿ ಅದರ ಪಾಡು ಗುರುತಿನ ಮರವಿಲ್ಲದ ಬಯಲಲ್ಲಿ ನಡೆಯುವವನದು. ಒಂದು ತುದಿಯ ಸಣ್ಣ ತಪ್ಪು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಬೆಳೆದಿರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಅಂಚಿನದು. ಕೆನ್ನೆ, ತುಟಿ, ನಾಲಿಗೆ ಆಡುವಾಗ ಸೆಟ್ಟು ಎಲ್ಲಿಯವರೆಗೆ ಚಾಚಬಹುದು ಎಂಬುದನ್ನು ಹಳೆಯ ವೈದ್ಯರು ಹಸಿರು ಕಾಂಪೌಂಡ್ ಕಡ್ಡಿ ಬಿಸಿಮಾಡಿ, ರೋಗಿಯಿಂದ ನಾಲಿಗೆ ಚಾಚಿಸಿ ಹಿಡಿಯುತ್ತಿದ್ದರು. ಕ್ಯಾಮೆರಾಗೆ ಕಾಣಬೇಕೆಂದು ಕೆನ್ನೆಯನ್ನು ಎಳೆದು ಹಿಡಿದರೆ ದಾಖಲಾಗುವುದು ಎಳೆದ ಕೆನ್ನೆಯೇ. ನಿಖರತೆಯ ಅಂಕಿಗಳು ಬಹುಪಾಲು ಒಣ ಮಾದರಿಗಳ ಮೇಲಿನವು ಎಂಬುದನ್ನೂ ಮರೆಯಬಾರದು. ಮಾದರಿ ಉಗುಳು ನುಂಗುವುದಿಲ್ಲ.

ಹಾಗೆಂದು ಸ್ಕ್ಯಾನರನ್ನು ತಳ್ಳಿಹಾಕುವಂತಿಲ್ಲ. ಮೇಲ್ದವಡೆಯ ಗಟ್ಟಿ ಅಂಗುಳ ಅದಕ್ಕೆ ಸಾಕಷ್ಟು ಒಗ್ಗುತ್ತದೆ. ಜೋತಾಡುವ ಒಸಡನ್ನು ಟ್ರೇ ಅದುಮಿ ವಿಕಾರಗೊಳಿಸಿದರೆ, ಬೆಳಕು ಮುಟ್ಟದೆ ದಾಖಲಿಸುತ್ತದೆ. ಎರಡೂ ಬದಿ ಹಲ್ಲಿದ್ದು ನಡುವೆ ಮಾತ್ರ ಖಾಲಿಯಿರುವ ಭಾಗಶಃ ಸೆಟ್ಟಿಗೆ ಸ್ಕ್ಯಾನನ್ನು ನಾನು ಧಾರಾಳವಾಗಿ ಒಪ್ಪುತ್ತೇನೆ. ಹಿಂದಿನ ದವಡೆಹಲ್ಲುಗಳೇ ಹೋಗಿದ್ದರೆ, ಅಗಿಯುವ ಭಾರಕ್ಕೆ ಒಸಡು ತಗ್ಗುವುದನ್ನು ಅದು ಅರಿಯದು. ಕೆಳದವಡೆಯ ಪೂರ್ತಿ ಸೆಟ್ಟಿಗೆ ಬರೀ ಸ್ಕ್ಯಾನ್ ಇನ್ನೂ ಸಾಲದು.

ಡಿಜಿಟಲ್‌ನ ನಿಜವಾದ ಗೆಲುವಿರುವುದು ಲ್ಯಾಬಿನಲ್ಲಿ. ಅಚ್ಚಿಗೆ ಒತ್ತಿ ಬೇಯಿಸುವ ಅಕ್ರಿಲಿಕ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಮೊದಲೇ ಗಟ್ಟಿಯಾದ ಬಿಲ್ಲೆಯಿಂದ ಕೊರೆದ ಸೆಟ್ಟಿಗೆ ಆ ಕಾಟವಿಲ್ಲ. ಆದ್ದರಿಂದ ಅಚ್ಚನ್ನು ಹಳೆಯ ಕೈಚಳಕದಲ್ಲೇ ತೆಗೆದು, ಆ ಅಚ್ಚನ್ನೇ ಸ್ಕ್ಯಾನ್ ಮಾಡಿ ಯಂತ್ರದಲ್ಲಿ ಕೊರೆಯುವ ಮಿಶ್ರ ದಾರಿಯೇ ಸದ್ಯಕ್ಕೆ ಮೇಲು. ಆ ಸ್ಕ್ಯಾನಿನ ಕಡತವನ್ನು ಕ್ಲಿನಿಕ್ ಜೋಪಾನವಾಗಿಟ್ಟರೆ, ಕರ್ನಾಟಕ ಎಕ್ಸ್‌ಪ್ರೆಸ್‌ನ ಬರ್ತಿನಲ್ಲಿ ಸೆಟ್ಟು ಮರೆತು ಬಂದವರಿಗೂ ಹೊಸ ಅಚ್ಚಿಲ್ಲದೆ ಇನ್ನೊಂದನ್ನು ಕೊರೆದುಕೊಡಬಹುದು.