ನತಾಲಿಯಾ ಮತ್ತು ಅವಳ ತಂಗಿ

ಹೆಸರುಗಳ ವಂಶಾವಳಿಯನ್ನು ಬೆದಕುವ ಚಪಲವುಳ್ಳವನಿಗೆ ದಾಂಡೇಲಿ, ಹಳಿಯಾಳಗಳ ಸೀಮೆಯಷ್ಟು ಸಮೃದ್ಧವಾದ ಕ್ಷೇತ್ರ ಬೇರೊಂದು ದೊರೆಯುವುದು ದುರ್ಲಭ. ಕೊಂಕಣಿಯಾಡುವ ಇಲ್ಲಿಯ ಕ್ರೈಸ್ತರು, ಅವರಲ್ಲಿ ಸಿದ್ದಿಗಳೂ ಸೇರಿ, ಡಿಸೆಂಬರ್ 25ರ ಹಬ್ಬವನ್ನು ‘ನತಾಲ’ ಎನ್ನುವರು. ಆ ಹಬ್ಬದ ಹೆಸರನ್ನೇ ಗಂಡಿಗೆ ನತಾಲನೆಂದೂ ಹೆಣ್ಣಿಗೆ ನತಾಲಿನ್ ಎಂದೂ ಇಡುವುದುಂಟು. ಸೋಮವಾರ ಹುಟ್ಟಿದವಳನ್ನು ಸೋಮವ್ವನೆನ್ನುವ ನೆರೆಹೊರೆಯವರಿಗೆ ಇದರಲ್ಲಿ ವಿಚಿತ್ರವೇನೂ ತೋರದು.

ನತಾಲಿನ್ ಲ್ಯಾಟಿನ್ನಿನ ನತಾಲಿಯಾಳ ತಂಗಿ. ‘ನಾತಾಲಿಸ್’ ಎಂದರೆ ಜನ್ಮಸಂಬಂಧವಾದುದು. ರೋಮನರು ತಮ್ಮ ನಗರಕ್ಕೂ ಏಪ್ರಿಲ್ 21ರಂದು ಜನ್ಮೋತ್ಸವ ಆಚರಿಸುತ್ತಿದ್ದರು. ಆದಿಕ್ರೈಸ್ತರಾದರೋ ಈ ಪದವನ್ನು ತಲೆಕೆಳಗು ಮಾಡಿ, ರಕ್ತಸಾಕ್ಷಿಗಳು ಮಡಿದ ದಿನವನ್ನೇ ಅವರ ಜನ್ಮದಿನವೆಂದು ಕರೆದರು. ನಾಲ್ಕನೆಯ ಶತಮಾನದ ಆರಂಭದಲ್ಲಿ, ಸೆರೆಯಲ್ಲಿದ್ದ ಗಂಡ ಆಡ್ರಿಯನನಿಗೆ ಧೈರ್ಯ ಹೇಳಿದಳೆಂದು ಐತಿಹ್ಯವುಳ್ಳ ನಿಕೊಮೀಡಿಯದ ನತಾಲಿಯಾ ಪೌರಸ್ತ್ಯ ಕ್ರೈಸ್ತರಿಗೆ ಪೂಜ್ಯಳಾದಳು. ಅವಳಿಂದ ಹೆಸರು ರಷ್ಯಕ್ಕೆ ಹೋಗಿ, ಮುದ್ದಿಗೆ ‘ನತಾಶಾ’ ಆಯಿತು. ಬೆಂಗಳೂರಿನ ತಂದೆತಾಯಿಗಳು ನಾಮಕರಣದಲ್ಲಿ ಗಂಭೀರವಾಗಿ ಉಚ್ಚರಿಸುವ ನತಾಶಾ, ಟಾಲ್‌ಸ್ಟಾಯ್‌ನ ನಾಯಕಿಯನ್ನು ಮನೆಮಂದಿ ಕರೆದ ಅಕ್ಕರೆಯ ಹೆಸರಷ್ಟೆ.

ನಮ್ಮ ಕಡೆಗೆ ಬಂದುದು ಇನ್ನೊಂದು ದಾರಿ, ಸಮುದ್ರದ ದಾರಿ. 1497ರ ಕ್ರಿಸ್‌ಮಸ್ ವೇಳೆಗೆ ಆಫ್ರಿಕದ ಆಗ್ನೇಯ ತೀರವನ್ನು ಹಾದುಹೋಗುತ್ತಿದ್ದ ವಾಸ್ಕೋ ಡ ಗಾಮನು ಆ ನೆಲಕ್ಕೆ ನತಾಲ್ ಎಂದು ಹೆಸರಿಟ್ಟು, ಮರುವರ್ಷ ನಮ್ಮ ಕಾರವಾರದೆದುರಿನ ಅಂಜದೀವದಲ್ಲಿ ಲಂಗರು ಹಾಕಿದನು. ಅದೇ ಆಫ್ರಿಕದಿಂದ ಪೋರ್ಚುಗೀಸರು ಗೋವೆಗೆ ಸಾಗಿಸಿದ ಗುಲಾಮರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟವೇರಿ ಈ ಅಡವಿಗಳನ್ನು ಸೇರಿದರು; ಇಲ್ಲಿಯ ಸಿದ್ದಿಗಳಲ್ಲಿ ಅನೇಕರ ಪೂರ್ವಜರು ಅವರೇ. ಜ್ಞಾನಸ್ನಾನದ ಹೆಸರುಗಳು ಮೊದಲಿಗೆ ಒಡೆಯರ ಮನೆಯವು. ದಾಸ್ಯವನ್ನು ತೊರೆದು ಬಂದವರು ಹಬ್ಬವನ್ನೂ ಹೆಸರನ್ನೂ ತೊರೆಯಲಿಲ್ಲವೆಂಬುದು ನನ್ನನ್ನು ಬಹುವಾಗಿ ಸೆಳೆದಿದೆ. ಇಂದು ಹಳಿಯಾಳದ ಕ್ರೈಸ್ತ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕವದಿಗಳಲ್ಲಿ ಶಿಲುಬೆಯ ಆಕೃತಿಯೂ ಮೂಡುತ್ತದೆ. ನಾಲ್ಕು ಮೂಲೆಗೂ ತ್ರಿಕೋನದ ಮಡಿಕೆಗಳ ‘ಫೂಲ’ ಕೂರಿಸದೆ ಕವದಿ ಮುಗಿಯಿತೆಂದು ಅವರು ಒಪ್ಪರು.

ಬರವಣಿಗೆಯ ವಿಷಯದಲ್ಲಿ ಮಾತ್ರ ನನಗೊಂದು ಹಠವುಂಟು. ಇಂಗ್ಲಿಷಿನ ಕನ್ನಡಕ ತೊಟ್ಟು ‘ನಟಾಲಿಯಾ’ ಎಂದು ಬರೆಯುವವರಿದ್ದಾರೆ. ಪೋರ್ಚುಗೀಸರ ನಾಲಿಗೆಯಲ್ಲಿಯೂ ಕೊಂಕಣಿಯಲ್ಲಿಯೂ ಇರುವುದು ಹಲ್ಲಿಗೆ ತಾಗುವ ತಕಾರ. ಅದಕ್ಕೆ ಸ್ವಂತ ಅಕ್ಷರವಿರುವ ಕನ್ನಡದಲ್ಲಿ ಟಕಾರವನ್ನೇಕೆ ಎರವಲು ತರಬೇಕು? ಪಡಿತರ ಚೀಟಿಯ ಗುಮಾಸ್ತರು ಇಗರ್ಜಿಯ ಅಂಗಳದಲ್ಲಿ ತಾಯಿ ಮಗಳನ್ನು ಕೂಗುವುದನ್ನು ಒಮ್ಮೆ ಕೇಳಿಸಿಕೊಂಡು ಬರೆದುಕೊಂಡರೆ ಸಾಕು.