ವಿಮಾನದ ಪಕ್ಕದಲ್ಲೊಂದು ಪುಟ

ಹಲಸೂರು ದಾಟಿ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ, 2001ರಲ್ಲಿ ತೆರೆದ ಎಚ್.ಎ.ಎಲ್. ವಸ್ತುಸಂಗ್ರಹಾಲಯ ಸಿಗುತ್ತದೆ. ಅದರ ಅಂಗಳದಲ್ಲಿ ‘ಮಾರುತ’ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರೂ ನಮ್ಮ ಎಂಜಿನಿಯರುಗಳೂ ಸೇರಿ ರೂಪಿಸಿದ ಈ ಯುದ್ಧವಿಮಾನ 1961ರ ಜೂನ್ 17ರಂದು ಬೆಂಗಳೂರಿನಲ್ಲಿಯೇ ಮೊದಲು ಹಾರಿತು. ನೋಡುವವರು ಅದರ ನೀಳವಾದ ಮೈಯನ್ನು ಮೆಚ್ಚಿ, ಎದುರು ನಿಂತು ಚಿತ್ರ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ನಾನೂ ಹಾಗೆಯೇ ಮಾಡಿದವನು.

ಕೈಗಾರಿಕಾ ವಿನ್ಯಾಸದ ಪ್ರದರ್ಶನಗಳಿಗೆ ಜೊತೆಯಾಗಿ ಜಾಲತಾಣವನ್ನೂ ರಚಿಸುವುದು ಈಗಿನ ರೂಢಿ. ನಾನು ಕಂಡ ಹಲವು ತಾಣಗಳಲ್ಲಿ ಪ್ರದರ್ಶನದ ಚಿತ್ರಗಳೇ, ಹೆಸರುಗಳೇ, ಇಸವಿಗಳೇ ಮತ್ತೊಮ್ಮೆ ಬಂದಿದ್ದವು. ಕಂಡದ್ದನ್ನೇ ಕಾಣಿಸಲು ಇಷ್ಟು ಶ್ರಮವೇಕೆ? ಕಸ್ತೂರಬಾ ರಸ್ತೆಯ ‘ಮ್ಯಾಪ್’ ಕಲಾಸಂಗ್ರಹಾಲಯ 2020ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲಿ ತೆರೆಯಿತು. ಕಟ್ಟಡದ ಬಾಗಿಲು ತೆರೆದದ್ದು 2023ರಲ್ಲಿ. ತಾಣವು ಕಟ್ಟಡದ ನೆರಳಾಗಿಯೇ ಇರಬೇಕಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ವಸ್ತು ತಾನಾಗಿ ಹೇಳಲಾರದ್ದನ್ನು ಹೇಳುವುದು ತಾಣದ ಕೆಲಸ. ಮಾರುತದ ರೆಕ್ಕೆಗಳು ಹಿಂದಕ್ಕೆ ಬಾಗಿರುವುದು ಅಂದಕ್ಕಲ್ಲ. ಶಬ್ದವೇಗದ ಸಮೀಪದಲ್ಲಿ ಹೆಚ್ಚುವ ಗಾಳಿಯ ತಡೆಯನ್ನು ತಗ್ಗಿಸಲಿಕ್ಕೆ. ಶಬ್ದದ ಇಮ್ಮಡಿ ವೇಗವನ್ನು ಮನಸ್ಸಿನಲ್ಲಿಟ್ಟು ಆ ಮೈಯನ್ನು ರೂಪಿಸಿದರು. ಆದರೆ ಎಣಿಸಿದ್ದ ಬಲಶಾಲಿ ಎಂಜಿನು ಸಿದ್ಧವಾಗಲಿಲ್ಲ. ಒಂದೊಂದಕ್ಕೆ 4,850 ಪೌಂಡು ನೂಕುಬಲದ ಎರಡು ಆರ್ಫಿಯಸ್ 703 ಎಂಜಿನುಗಳಲ್ಲಿಯೇ ತೃಪ್ತಿಪಡಬೇಕಾಯಿತು. 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ದುಡಿದವು. ಬಯಸಿದ ವೇಗ ಮಾತ್ರ ಕೈಗೂಡಲಿಲ್ಲ. ಅಂಗಳದಲ್ಲಿ ರೂಪ ಕಾಣುತ್ತದೆ, ಕೊರತೆ ಕಾಣುವುದಿಲ್ಲ.

ಕೊರತೆಯನ್ನು ಮುಚ್ಚಿಡುವುದೇ ಗೌರವವೆಂದು ಬಗೆಯುವವರಿದ್ದಾರೆ. ನನಗೆ ಹಾಗೆ ತೋರದು. ಎಂಜಿನಿನ ಕಥೆಯನ್ನು ಮರೆಸಿದರೆ ವೇಗ ಸಾಲದ ದೂರು ಮೈಯನ್ನು ರೂಪಿಸಿದವರ ತಲೆಗೇ ಬರುತ್ತದೆ. ಆದ್ದರಿಂದ ಪುಟದಲ್ಲಿ ನಕ್ಷೆಯಿರಲಿ. ಒಳಗಿನ ಎಂಜಿನನ್ನು ತೋರಿಸುವ ಸೀಳುಚಿತ್ರವಿರಲಿ. ಬಯಸಿದ ಬಲವೂ ದೊರೆತ ಬಲವೂ ಅಕ್ಕಪಕ್ಕದಲ್ಲಿರಲಿ. ಜೋಡಿಸಿದ ಕೆಲಸಗಾರರ ಮಾತು ಅವರ ದನಿಯಲ್ಲಿಯೇ ಕೇಳಿಬರಲಿ.

ಇದೆಲ್ಲವೂ ಕನ್ನಡದಲ್ಲಿ ಹುಟ್ಟಬೇಕು. ಇಂಗ್ಲಿಷಿನ ಬರಹ ಮುಗಿದ ಮೇಲೆ ಕೊನೆಗೆ ಅಂಟಿಸಿದ ಭಾಷಾಂತರವಾಗಬಾರದು. ವಿಮಾನಪುರದಲ್ಲೋ ಕೆ.ಆರ್. ಪುರದಲ್ಲೋ ಒಂದು ಮಗು, “ತಾತ, ನೀವು ಮಾಡಿದ ವಿಮಾನ ಯಾಕೆ ಅಷ್ಟು ವೇಗವಾಗಿ ಹಾರಲಿಲ್ಲ?” ಎಂದು ಕೇಳಿದಾಗ, ನಿವೃತ್ತ ಕೆಲಸಗಾರ ತಲೆತಗ್ಗಿಸದೆ ಆ ಪುಟವನ್ನು ತೆರೆದು ತೋರಿಸುವಂತಿರಬೇಕು. ಅಂಥ ತಾಣವನ್ನು ಮಾತ್ರ ನಾನು ಪ್ರದರ್ಶನದ ಒಡನಾಡಿ ಎಂದು ಒಪ್ಪಿಯೇನು.