ಹಾಸಿಗೆಯಷ್ಟೇ ಮನೆಯಾದಾಗ

ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಸಿಬಿಟಿ-ಐ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಹೇಳಿತು. ಮಲಗುವ ರೂಢಿಯನ್ನೂ ನಿದ್ದೆಯ ಬಗೆಗಿನ ಆತಂಕವನ್ನೂ ತಿದ್ದುವ ಪದ್ಧತಿ ಇದು. ಇದರ ಮುಖ್ಯ ಸೂತ್ರವೊಂದನ್ನು ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ರೂಪಿಸಿದರು: ಹಾಸಿಗೆ ಮಲಗುವುದಕ್ಕಷ್ಟೇ ಇರಲಿ, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಮರಳಿ ಬನ್ನಿ. ಸೂತ್ರ ಒಳ್ಳೆಯದೇ. ಆದರೆ ಬಹರೈನ್‌ನಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರಿಗೆ ಇದು ಎಷ್ಟು ಒದಗುತ್ತದೆ?

ಅಲ್ಲಿನ ರಾಜಧಾನಿ ಮನಾಮದಲ್ಲಿ ಒಬ್ಬಂಟಿಯಾಗಿ ದುಡಿಯುವ ಎಷ್ಟೋ ಮಂದಿ ಬಾಡಿಗೆಗೆ ಹಿಡಿಯುವುದು ‘ಬೆಡ್ ಸ್ಪೇಸ್’ ಮಾತ್ರ, ಅಂದರೆ ಹಲವರಿರುವ ಕೋಣೆಯಲ್ಲೊಂದು ಮಂಚ. ಊಟ, ಫೋನು, ಬಟ್ಟೆ ಮಡಿಸುವುದು ಎಲ್ಲವೂ ಆ ಮಂಚದ ಮೇಲೆಯೇ. ಎದ್ದು ಹೋಗಲು ಇನ್ನೊಂದು ಕೋಣೆಯಿಲ್ಲ. ಕೆಳಗಿನವನಿಗೆ ಆಗಷ್ಟೇ ಜೊಂಪು ಹತ್ತಿದಾಗ ಮೇಲಿನ ಮಂಚದವನು ಡ್ಯೂಟಿ ಮುಗಿಸಿ ಬಂದು ಲೈಟ್ ಹಾಕುತ್ತಾನೆ. ಊರಿಗೂ ಅಲ್ಲಿಗೂ ಎರಡೂವರೆ ಗಂಟೆಯ ಅಂತರ. ಮಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಶುಭೋದಯ ಇವನ ದಿಂಬಿನ ಪಕ್ಕ ಸದ್ದು ಮಾಡುವುದು ನಸುಕಿನ ಮೂರೂವರೆಗೆ. ಜೂನ್‌ನಲ್ಲಾದರೆ ಐದಕ್ಕೂ ಮುಂಚೆಯೇ ಸೂರ್ಯೋದಯ.

ಹೀಗಿರುವಾಗ ಜನ ತಮಗೆ ತೋಚಿದ ದಾರಿ ಹಿಡಿಯುತ್ತಾರೆ. ಶೀತ, ಅಲರ್ಜಿಯ ಹಳೆಯ ಬಗೆಯ ಮಾತ್ರೆಗಳು ಮಂಪರು ತರುತ್ತವೆ, ನಿಜ. ಆ ಮಂಪರು ಮರುದಿನಕ್ಕೂ ಉಳಿದರೆ ಟ್ರೇಲರ್ ಓಡಿಸುವವನಿಗೆ, ಎತ್ತರದಲ್ಲಿ ಕೆಲಸ ಮಾಡುವವನಿಗೆ ಜೀವಕ್ಕೇ ಅಪಾಯ. ರಜೆಯ ಶುಕ್ರವಾರ ಮಧ್ಯಾಹ್ನದವರೆಗೆ ಮಲಗಿದರೆ ದಣಿವು ಆರೀತು, ಆದರೆ ಅಂದಿನ ರಾತ್ರಿಯ ನಿದ್ದೆ ಹಿಂದೆ ಸರಿಯುತ್ತದೆ. ಸಂಜೆಯ ಕರಕ್ ಚಹಾದ ಕೆಫೀನ್ ಐದಾರು ಗಂಟೆಯ ನಂತರವೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಅಮ್ಮ ಹೇಳಿಕೊಟ್ಟ ಜಾಯಿಕಾಯಿ ಹಾಲು ಚಿಟಿಕೆಯಲ್ಲಿದ್ದರೆ ತೊಂದರೆಯಿಲ್ಲ. ಹೆಚ್ಚು ತೇಯ್ದರೆ ಅದೂ ವಿಷವೇ.

ಹಾಗೆಂದು ಸಿಬಿಟಿ-ಐಯನ್ನು ಉಳ್ಳವರ ಚಿಕಿತ್ಸೆಯೆಂದು ತಳ್ಳಿಹಾಕುವುದು ತಪ್ಪು. ಅದರ ಬಲವಾದ ಭಾಗಕ್ಕೆ ಕೋಣೆಯೇ ಬೇಕಿಲ್ಲ: ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ದಿನಾ ಒಂದೇ ಇರಲಿ. ಬೇರೆ ಕೋಣೆ ಇಲ್ಲದವರು ನೆಲಕ್ಕೊಂದು ಚಾಪೆ ಹಾಸಿ ಊಟ, ಮಾತು ಅಲ್ಲೇ ಮುಗಿಸಬಹುದು. ನಿದ್ದೆ ಬಾರದಾಗಲೂ ಅಲ್ಲೇ ಕೂರಬಹುದು. ಫೋನ್ ಸೈಲೆಂಟ್ ಇರಲಿ, ಕಣ್ಣಿಗೊಂದು ಪಟ್ಟಿ ಇರಲಿ. ಮಲಗುವ ಅವಧಿಯನ್ನೇ ಕಡಿತಗೊಳಿಸುವ ಇನ್ನೊಂದು ಸೂತ್ರವನ್ನು ಮಾತ್ರ ಚಾಲಕರು, ಯಂತ್ರ ನಡೆಸುವವರು ವೈದ್ಯರನ್ನು ಕೇಳದೆ ಹಿಡಿಯಬಾರದು. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಬೇಕಾದದ್ದು ಬೇರೆಯೇ ತಪಾಸಣೆ.

ವಾರಕ್ಕೊಮ್ಮೆ ಶಿಫ್ಟ್ ಬದಲಾಗುವವನಿಗೆ ಈ ಶಿಸ್ತೂ ಸಾಲದು. ಬೇಸಿಗೆಯ ನಡುಹಗಲಿನಲ್ಲಿ ಬಯಲ ಕೆಲಸ ನಿಲ್ಲಿಸುವ ನಿಯಮ ಬಹರೈನ್‌ನಲ್ಲಿದೆ. ದುಡಿಯುವವನ ಮೈ ಕಾಯುವುದು ಅವನೊಬ್ಬನ ಹೊಣೆಯಲ್ಲ ಎಂದು ಅದು ಒಪ್ಪಿಕೊಂಡಿದೆ. ನಿದ್ದೆಯ ವಿಚಾರದಲ್ಲೂ ಅದೇ ನ್ಯಾಯ ನಡೆಯಬೇಕು. ಕಂಪನಿಯೇ ವಸತಿ ಕೊಡುವ ಕಡೆ ಒಂದೇ ಶಿಫ್ಟಿನವರಿಗೆ ಒಂದೇ ಕೋಣೆ ಕೊಡಲು ಕಂಪನಿಗೆ ದೊಡ್ಡ ಖರ್ಚೇನೂ ಬರುವುದಿಲ್ಲ. ಅದನ್ನು ಕೇಳಿ ಪಡೆಯುವುದಕ್ಕೆ ಅಲ್ಲಿನ ನಮ್ಮ ಸಂಘಗಳೂ ದನಿಗೂಡಿಸಬೇಕು.